ಎಣಿಸಿ ನೋಡುವ ನಂಬಿಕೆ



ಮಾತು ಕೊಡುವುದು ಸುಲಭ. ಕೊಟ್ಟ ಮಾತನ್ನು ನಡೆಸಿದ್ದೇನೆಂದು ಎದುರಾಳಿಗೆ ತೋರಿಸಿಕೊಡುವುದು ಕಷ್ಟ. ಪರಮಾಣು ಅಸ್ತ್ರಗಳ ಒಪ್ಪಂದಗಳ ಚರಿತ್ರೆಯೆಲ್ಲ ಈ ಒಂದು ಕಷ್ಟದ ಚರಿತ್ರೆಯೆಂದು ನನಗೆ ತೋರುತ್ತದೆ. ನಾನು ಸೇನಾತಜ್ಞನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಮಾತಿನ ಬೆಲೆಯ ಪ್ರಶ್ನೆ ಎಲ್ಲರಿಗೂ ಸೇರಿದ್ದು.

೧೯೮೭ರ ಡಿಸೆಂಬರಿನಲ್ಲಿ ರೇಗನ್ನರೂ ಗೋರ್ಬಚೇವರೂ ಮಧ್ಯಮ ದೂರದ ಕ್ಷಿಪಣಿಗಳನ್ನು ಇಲ್ಲವಾಗಿಸುವ ಒಪ್ಪಂದಕ್ಕೆ ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದರು. ‘ನಂಬು, ಆದರೆ ಪರೀಕ್ಷಿಸು’ ಎಂಬ ರಷ್ಯನ್ ಗಾದೆಯನ್ನು ರೇಗನ್ನರು ಉದ್ಧರಿಸಿದಾಗ, ಪ್ರತಿ ಭೇಟಿಯಲ್ಲೂ ಇದನ್ನೇ ಹೇಳುತ್ತೀರಲ್ಲ ಎಂದು ಗೋರ್ಬಚೇವರು ಪರಿಹಾಸ ಮಾಡಿದರು. ಪರಿಹಾಸದ ಹಿಂದೆ ಕೆಲಸವಿತ್ತು. ಸೋವಿಯತ್ ನಾಡಿನ ವೋಟ್ಕಿನ್‌ಸ್ಕ್ ಕಾರ್ಖಾನೆಯ ಬಾಗಿಲಲ್ಲಿ ಅಮೆರಿಕನ್ನರು, ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ ರಷ್ಯನ್ನರು, ೧೩ ವರ್ಷ ಹೊರಬರುವ ಸರಕನ್ನು ಕಾದು ನೋಡಿದರು. ೨,೬೯೨ ಕ್ಷಿಪಣಿಗಳು ನಾಶವಾದವು. ೧೯೮೬ರ ಸುಮಾರಿಗೆ ಜಗತ್ತಿನಲ್ಲಿ ೭೦,೦೦೦ದಷ್ಟಿದ್ದ ಸಿಡಿತಲೆಗಳು ಈಗ ೧೨,೦೦೦ದಷ್ಟಕ್ಕೆ ಇಳಿದಿವೆ. ಆ ಒಪ್ಪಂದ ಮಾತ್ರ ೨೦೧೯ರಲ್ಲಿ ಮುರಿದುಬಿತ್ತು.

೨೦೧೦ರಲ್ಲಿ ಪ್ರಾಗ್ ನಗರದಲ್ಲಿ ಸಹಿಯಾದ ‘ನ್ಯೂ ಸ್ಟಾರ್ಟ್’ ಒಪ್ಪಂದ, ಹೂಡಿ ಸಿದ್ಧವಾಗಿಟ್ಟ ಸಿಡಿತಲೆಗಳಿಗೆ ಪ್ರತಿ ಪಕ್ಷಕ್ಕೂ ೧,೫೫೦ರ ಮಿತಿ ಹಾಕಿತು. ವರ್ಷಕ್ಕೆ ೧೮ರವರೆಗೆ ತಪಾಸಣೆಗಳಿಗೆ ಅವಕಾಶವಿತ್ತು. ತಪಾಸಕರ ಮುಂದೆ ಕ್ಷಿಪಣಿಯ ಮೂತಿಯನ್ನು ತೆರೆದು, ಸಿಡಿತಲೆಗಳಿಗೆ ಮುಸುಕು ಹಾಕಿ ತೋರಿಸಬಹುದಾಗಿತ್ತು. ರಹಸ್ಯ ಮುಸುಕಿನೊಳಗೇ ಉಳಿಯುತ್ತಿತ್ತು. ಎಣಿಕೆ ಮಾತ್ರ ಬಯಲಾಗುತ್ತಿತ್ತು. ಮಾನವನ್ನೂ ಸತ್ಯವನ್ನೂ ಒಟ್ಟಿಗೆ ಕಾಯುವ ಉಪಾಯವಿದು.

೨೦೨೦ರಲ್ಲಿ ಕೋವಿಡ್ ಕಾರಣದಿಂದ ನಿಂತ ತಪಾಸಣೆ ಮತ್ತೆ ಆರಂಭವಾಗಲಿಲ್ಲ. ಉಕ್ರೇನ್ ಯುದ್ಧದ ನಡುವೆ, ೨೦೨೩ರಲ್ಲಿ, ರಷ್ಯ ತನ್ನ ಭಾಗವಹಿಸುವಿಕೆಯನ್ನು ಅಮಾನತಿನಲ್ಲಿಟ್ಟಿತು. ಅಂಕಿಗಳ ವಿನಿಮಯವೂ ನಿಂತಿತು. ೨೦೨೬ರ ಫೆಬ್ರವರಿ ೫ಕ್ಕೆ ಒಪ್ಪಂದದ ಅವಧಿಯೇ ತೀರಿತು.

ಉಪಗ್ರಹಗಳಿವೆಯಲ್ಲ ಎನ್ನಬಹುದು. ಉಪಗ್ರಹ ನೆಲದ ಗೂಡುಗಳನ್ನು ಕಾಣಬಲ್ಲದು. ಒಂದು ಮೂತಿಯೊಳಗೆ ಒಂದು ತಲೆಯಿದೆಯೋ ಮೂರಿವೆಯೋ ಎಂಬುದನ್ನು ಕಾಣಲಾರದು. ಎಣಿಕೆಯಿಲ್ಲದಲ್ಲಿ ಭಯವೇ ಲೆಕ್ಕಿಗ. ಭಯ ಎಂದೂ ಕಡಿಮೆ ಲೆಕ್ಕ ಬರೆಯುವುದಿಲ್ಲ.

ಚೀನವೂ ಸೇರಬೇಕೆಂದು ಅಮೆರಿಕ ಹೇಳುತ್ತದೆ. ಮೊದಲು ನೀವಿಬ್ಬರು ಇಳಿಸಿ ಎನ್ನುತ್ತದೆ ಚೀನ. ಬ್ರಿಟನ್ ಮತ್ತು ಫ್ರಾನ್ಸುಗಳ ಮಾತೆತ್ತುತ್ತದೆ ರಷ್ಯ. ಈ ವಾದಗಳು ತೀರಿ ಹೊಸ ಒಪ್ಪಂದವಾಗಲು ಬಹುಕಾಲ ಬೇಕಾದೀತು. ಅಲ್ಲಿಯವರೆಗೆ ಅಂಕಿಗಳ ವಿನಿಮಯವನ್ನೂ ಪರಸ್ಪರ ಭೇಟಿಯನ್ನೂ ಮತ್ತೆ ಆರಂಭಿಸಲು ಸ್ನೇಹ ಬೇಕಿಲ್ಲ. ಹಗೆಗಳಾಗಿದ್ದಾಗಲೇ ಅವರು ಅದನ್ನು ಕಲಿತದ್ದು. ಬಾಗಿಲಲ್ಲಿ ಕುಳಿತು ಎಣಿಸಿದ ಆ ತಲೆಮಾರು ಮರೆಯಾಗುವ ಮುನ್ನ ಆ ವಿದ್ಯೆ ಕೈದಾಟಬೇಕು.