ಕಣ್ಣುಗೂಡಿನ ಗೋಡೆಗಳು, ದಾರಿಗಳು



ದತ್ತಿ ಉಪನ್ಯಾಸವೆಂದರೆ ವಚನ, ಇಲ್ಲವೇ ಜಾನಪದ ಎನ್ನುವ ರೂಢಿಯಿದೆ. ಎಲುಬಿನ ಮಾತಿಗೆ ನೀವು ಒಪ್ಪಿದ್ದು ನನ್ನ ಭಾಗ್ಯ.

ಕಬ್ಬಿನ ಹಂಗಾಮು ಶುರುವಾದರೆ ಹಿಂದೀಪವಿಲ್ಲದ ಟ್ರೇಲರುಗಳು ಕತ್ತಲಲ್ಲಿ ರಸ್ತೆಗಿಳಿಯುತ್ತವೆ, ಬೈಕಿನವರು ಹೋಗಿ ಬಡಿಯುತ್ತಾರೆ. ಬಾತ ರೆಪ್ಪೆ ಬಿಡಿಸಿ ನೋಡಿ, ದೃಷ್ಟಿ ಇದೆ ಎಂದು ಗೊತ್ತಾದ ಕೂಡಲೇ ಮನೆಮಂದಿಗೆ ಜೀವ ಬರುತ್ತದೆ. ಆದರೆ ಗುಡ್ಡೆ ಉಳಿದಿದ್ದರೂ ಗೂಡು ಒಡೆದಿರಬಹುದು. ಎಲ್ಲಿ ಒಡೆದಿದೆ ಎಂಬುದನ್ನು ಆ ಗೂಡಿನ ಕಿಂಡಿಗಳೇ ಹೇಳುತ್ತವೆ.

ಏಳು ಎಲುಬು ಸೇರಿ ಒಂದು ಗೂಡು: ಹಣೆಯದು, ಕೆನ್ನೆಯದು, ಮೇಲ್ದವಡೆಯದು, ಅಂಗುಳದ ಎಲುಬಿನ ಒಂದು ಚೂರು, ಕಣ್ಣೀರೆಲುಬು, ಮೂಗಿನ ಮಗ್ಗುಲಿನ ಎತ್ಮಾಯ್ಡ್, ಹಿಂದಿನ ಸ್ಫೀನಾಯ್ಡ್. ಒಳಗಿನ ಜಾಗ ಸುಮಾರು 30 ಮಿ.ಲೀ.; ಗುಡ್ಡೆಗೆ ಬೇಕಾದದ್ದು 7 ಮಾತ್ರ. ಉಳಿದದ್ದೆಲ್ಲ ಸ್ನಾಯು, ನರ, ರಕ್ತನಾಳ, ಕೊಬ್ಬು. ಆ ಕೊಬ್ಬು ದಂಡವಲ್ಲ. ಗುಡ್ಡೆ ಅದರ ಮೇಲೆಯೇ ಕೂತಿದೆ.

ಅಂಚು ಗಟ್ಟಿ, ಗೋಡೆಗಳಲ್ಲಿ ಹೊರಮಗ್ಗುಲದ್ದು ಗಟ್ಟಿ. ಚಾವಣಿಯ ಮೇಲೆ ಮಿದುಳಿದೆ. ನೆಲ ತೆಳು, ಅದರ ಕೆಳಗೆ ಗಾಳಿ ತುಂಬಿದ ಸೈನಸ್. 1957ರಲ್ಲಿ ಅಮೆರಿಕದ ಸ್ಮಿತ್ ಮತ್ತು ರೀಗನ್ ಶವವೊಂದರ ಕಣ್ಣಿನ ಮೇಲೆ ಚೆಂಡಿಟ್ಟು ಸುತ್ತಿಗೆಯಿಂದ ಹೊಡೆದು ನೋಡಿದರು. ಅಂಚು ಗಟ್ಟಿಯಾಗಿ ನಿಂತಿತು, ನೆಲ ಕುಸಿಯಿತು. ಒತ್ತಡಕ್ಕೆ ಹೀಗೊಂದು ದಾರಿ ಸಿಗುವುದರಿಂದಲೇ ಎಷ್ಟೋ ಸಲ ಗುಡ್ಡೆ ಒಡೆಯದೆ ಉಳಿಯುತ್ತದೆ. ಹಾಗಾಗಿ ಈ ತೆಳುವನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ. ಚಿಣಿಫಣಿಯ ಚಿಣಿಯದು ಬೇರೆ ಕಥೆ. ಅದು ಅಂಚನ್ನು ಮುಟ್ಟದೆ ನೇರ ಗುಡ್ಡೆಗೇ ನಾಟುತ್ತದೆ.

ನೆಲದೊಳಗೇ ಒಂದು ನರ ಸಾಗಿ, ಅಂಚಿನ ಕೆಳಗಿನ ಕಿಂಡಿಯಿಂದ ಕೆನ್ನೆಗೆ ಇಳಿಯುತ್ತದೆ. ಪೆಟ್ಟು ಬಿದ್ದವರು "ಕೆನ್ನಿ ಜೋಮು ಹಿಡದೈತ್ರೀ, ಮ್ಯಾಲಿನ ಹಲ್ಲೂ ಗೊತ್ತಾಗವಲ್ದು" ಎಂದರೆ, ಎಕ್ಸ್‌ರೇಗಿಂತ ಮುಂಚೆ ಆ ಮಾತನ್ನೇ ಬರೆದುಕೊಳ್ಳಬೇಕು. ಮೇಲೆ ನೋಡಿದಾಗ ಒಂದು ಎರಡಾಗಿ ಕಂಡರೆ ಕೆಳಸ್ನಾಯು ಸೀಳಿನಲ್ಲಿ ಸಿಕ್ಕಿರಬಹುದು. ಇನ್ನೊಂದು ಮಾತು: ಮೂಗಿನಿಂದ ರಕ್ತ ಬಂದಿತೆಂದು ಸೀಂಟಬೇಡಿ. ಸೈನಸಿನ ಗಾಳಿ ಬಿರುಕಿನಿಂದ ಗೂಡಿಗೆ ನುಗ್ಗಿ ರೆಪ್ಪೆ ಕ್ಷಣದಲ್ಲಿ ಉಬ್ಬುತ್ತದೆ.

ಮೂಗಿನ ಕಡೆಯ ಗೋಡೆ ಎಲ್ಲಕ್ಕಿಂತ ತೆಳು, ಅರ್ಧ ಮಿಲಿಮೀಟರೂ ಇಲ್ಲ. ನೆಗಡಿಯಾದ ಮಗುವಿನ ಕಣ್ಣು ಕೆಂಪೇರಿ ಮುಂದಕ್ಕೆ ಉಬ್ಬಿತೆಂದರೆ ಸೋಂಕು ಈ ಗೋಡೆ ದಾಟಿರಬಹುದು. ಮನೆಮದ್ದು ಮಾಡುತ್ತ ಕೂಡಬಾರದು. 2021ರಲ್ಲಿ, ಕೊರೊನಾದ ಎರಡನೇ ಅಲೆಯ ಹೊತ್ತಿಗೆ, ಕಪ್ಪು ಶಿಲೀಂಧ್ರ ಮೂಗಿನಿಂದ ಕಣ್ಣಿಗೆ ಹಬ್ಬಿದ್ದೂ ಹೆಚ್ಚಾಗಿ ಈ ಮಗ್ಗುಲಿನಿಂದ. ಸಕ್ಕರೆ ಕಾಯಿಲೆಯವರು ಹೆಚ್ಚು ನರಳಿದರು. ಕೆಲವರ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಯಿತು.

ಗೂಡಿನ ತುದಿಯಲ್ಲಿ ದೃಷ್ಟಿನರದ ಕೊಳವೆಯಿದೆ. ಅದರಲ್ಲಿ ದೃಷ್ಟಿನರದ ಜೊತೆ ಕಣ್ಣಿಗೆ ರಕ್ತ ಒಯ್ಯುವ ಧಮನಿಯೂ ಸಾಗುತ್ತದೆ. ಎತ್ತಿಗೆ ಮೇಯಲು ಬಿಟ್ಟ ಹಗ್ಗದಂತೆ ಗೂಡಿನೊಳಗೆ ಈ ನರ ತುಸು ಸಡಿಲವಾಗಿದೆ, ಆದ್ದರಿಂದಲೇ ಕಣ್ಣು ಸಲೀಸಾಗಿ ಹೊರಳುತ್ತದೆ. ಕೊಳವೆಯೊಳಗೆ ಆ ಸಡಿಲವಿಲ್ಲ. ಹುಬ್ಬಿನ ಮೇಲೆ ಬಲವಾದ ಪೆಟ್ಟು ಬಿದ್ದಾಗ ಗುಡ್ಡೆಗೆ ಗೀರೂ ಬೀಳದೆ ದೃಷ್ಟಿ ಹೋಗುವುದುಂಟು. ಪೆಟ್ಟಿನ ರಭಸ ಎಲುಬಿನ ಮೂಲಕ ಆ ಇಕ್ಕಟ್ಟಿಗೆ ತಲುಪಿರುತ್ತದೆ. ಪಕ್ಕದ ಮೇಲಿನ ಸೀಳಿನಿಂದ ಕಣ್ಣು ಹೊರಳಿಸುವ ಮೂರು ನರಗಳೂ ಹಣೆಯ ಸ್ಪರ್ಶದ ನರವೂ ಒಳಬರುತ್ತವೆ. ರೆಪ್ಪೆ ಜೋತು, ಕಣ್ಣು ಕದಲದೆ, ಹಣೆ ಮರಗಟ್ಟಿದರೆ ತೊಂದರೆ ಅಲ್ಲಿದೆ. ದೃಷ್ಟಿಯೂ ಹೋಯಿತೆಂದರೆ ಗೂಡಿನ ತುದಿಯೇ ಪೆಟ್ಟು ತಿಂದಿದೆ.

ಮೂಗಿನ ಬದಿಯ ಕಣ್ಣೀರಿನ ನಾಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅತ್ತಾಗ ಮೂಗು ಸೋರುವುದೂ, ಕಣ್ಣಿಗೆ ಹಾಕಿದ ಹನಿ ಗಂಟಲಲ್ಲಿ ಕಹಿಯಾಗುವುದೂ ಅದರಿಂದಲೇ.

ಕಣ್ಣಿನ ಡಾಕ್ಟರ್ ಎಂದರೆ ನಮ್ಮ ಭಾಗದ ಹಳಬರಿಗೆ ಬೀಳಗಿಯ ಡಾ. ಎಂ. ಸಿ. ಮೋದಿ (1916–2005) ನೆನಪಾಗುತ್ತಾರೆ. ಅವರ ಸಂಚಾರಿ ಶಿಬಿರಗಳಿಂದಾಗಿ ಮೋತಿಬಿಂದುವಿನ ಆಪರೇಷನ್ ಹಳ್ಳಿಗರ ಮನೆಮಾತಾಯಿತು. ಆ ಆಪರೇಷನ್ ಕಣ್ಣಿನ ಮುಂಭಾಗದ್ದು. ಆದರೂ ಮರಗಟ್ಟಿಸಲು ಸೂಜಿಯನ್ನು ಗುಡ್ಡೆಯ ಹಿಂದಕ್ಕೆ ಬಿಡುವ ಪದ್ಧತಿ ಬಹುಕಾಲ ಇತ್ತು. ಆಳ ತಪ್ಪಿದರೆ ನರಕ್ಕೇ ತಗಲುತ್ತದೆ. ಗೂಡಿನ ಅಳತೆ ಕೈಗೆ ಗೊತ್ತಿರಲೇಬೇಕು. ಈಗ ಎಷ್ಟೋ ಸಲ ಹನಿಮದ್ದೇ ಸಾಕು.

ಕೊನೆಗೆ ಮಕ್ಕಳ ವಿಷಯ, ಇದನ್ನು ಶಾಲಾ ಮಾಸ್ತರರು ದಯವಿಟ್ಟು ಗಮನಿಸಬೇಕು. ಮಕ್ಕಳ ಎಲುಬು ಹಸಿ. ಪೆಟ್ಟಿಗೆ ನೆಲ ಬಾಗಿಲಿನಂತೆ ತೆರೆದು ಮತ್ತೆ ಮುಚ್ಚಿಕೊಂಡು, ನಡುವೆ ಸ್ನಾಯುವನ್ನು ಕಚ್ಚಿ ಹಿಡಿಯುತ್ತದೆ. ಕಣ್ಣು ಬೆಳ್ಳಗೇ ಇರುತ್ತದೆ, ಬಾವೂ ಅಷ್ಟಿಲ್ಲ. ಮಗು ಮಾತ್ರ ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ, ಮೇಲೆ ನೋಡೆಂದರೆ ಆ ಕಣ್ಣು ಏಳುವುದಿಲ್ಲ. ತಲೆಗೆ ಪೆಟ್ಟಾಗಿದೆ ಎಂದಷ್ಟೇ ತಿಳಿದು ಸುಮ್ಮನಾಗಬೇಡಿ. ಅದೇ ದಿನ ಬೆಳಗಾವಿಗೆ ಕರೆದೊಯ್ದು ಸಿ.ಟಿ. ಮಾಡಿಸಿ. ಸಿಕ್ಕ ಸ್ನಾಯುವನ್ನು ಒಂದೆರಡು ದಿನದೊಳಗೆ ಬಿಡಿಸದಿದ್ದರೆ ಅದು ಸತ್ತು ಗಟ್ಟಿಯಾಗುತ್ತದೆ, ಆಮೇಲೆ ಆಪರೇಷನ್ ಮಾಡಿದರೂ ಕಣ್ಣು ಮೊದಲಿನಂತೆ ಹೊರಳುವುದು ಕಷ್ಟ.