ಏಟು ತಿಂದವನು ಏಟು ಕೊಡಲೇಬೇಕೆ?

(ಎಸ್ಟೇಟ್ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಲೈನಿನಲ್ಲಿ ಒಬ್ಬ ಹುಡುಗ ಅಂಗಡಿಯಲ್ಲಿ ಕದ್ದ, ಇಲ್ಲವೆ ಯಾರಿಗೋ ಹೊಡೆದ ಎಂದು ಕೇಳಿದೊಡನೆ ನಮ್ಮ ಬಾಯಿಂದ ಬರುವ ಮಾತು ಏನು? "ಅಪ್ಪನ ಹಾಗೇ ಮಗ." ಮನೆಯಲ್ಲಿ ದಿನವೂ ಏಟು ತಿಂದು ಬೆಳೆದವನು ಜೈಲಿಗೇ ಹೋಗುವವನು ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪಿನಲ್ಲಿ ನಿಜವೆಷ್ಟು, ಅನ್ಯಾಯವೆಷ್ಟು ಎಂದು ವಿಚಾರ ಮಾಡೋಣ.

ಅಮೇರಿಕದಲ್ಲಿ ಕ್ಯಾಥಿ ಸ್ಪಾಟ್ಸ್ ವಿಡಮ್ ಎಂಬವರು ಇದನ್ನೇ ಲೆಕ್ಕ ಹಿಡಿದು ನೋಡಿದರು. 1967ರಿಂದ 1971ರವರೆಗಿನ ಕೋರ್ಟು ದಾಖಲೆಗಳಿಂದ, ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಇಲ್ಲವೆ ಅಲಕ್ಷ್ಯಕ್ಕೆ ಗುರಿಯಾದ 908 ಮಕ್ಕಳನ್ನು ಗುರುತಿಸಿದರು. ಅಂಥ ದಾಖಲೆಯಿಲ್ಲದ, ಅದೇ ವಯಸ್ಸಿನ 667 ಮಕ್ಕಳೊಡನೆ ಹೋಲಿಸಿ, 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರಾಯಕ್ಕೆ ಬರುವ ಮೊದಲೇ ಪೊಲೀಸರು ಹಿಡಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 26, ಎರಡನೆಯದರಲ್ಲಿ 17. ಹಿಂಸೆಯ ಅಪರಾಧಕ್ಕಾಗಿ ಬಂಧನವಾದವರು 11 ಮತ್ತು 8.

ನೊಂದ ಮಗುವಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿರಿ. ನೂರರಲ್ಲಿ 89 ಮಂದಿಯ ಮೇಲೆ ಹಿಂಸೆಯ ಕೇಸೇ ಬೀಳಲಿಲ್ಲ! ಹಾಗಿರುವಾಗ ಹುಡುಗನ ಹಣೆಗೆ ನಾವೇಕೆ ಹಚ್ಚೆ ಹಾಕಬೇಕು? ತಂದೆಯ ಪಾಪದ ಹೊರೆ ಮಗನ ಮೇಲಿಲ್ಲವೆಂದು ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯವೂ ಸಾರುತ್ತದೆ.

ಇನ್ನೊಂದು ಸಂಗತಿ. ಅಲಕ್ಷ್ಯಕ್ಕೊಳಗಾದ ಮಕ್ಕಳಲ್ಲೂ ಹಿಂಸೆಯ ಕೇಸು ಹೆಚ್ಚಾಗಿ ಕಂಡಿತು. ಇದು ಬೆಳಗ್ಗೆಯೇ ಎಲೆ ಕೀಳಲು ಹೋಗುವ ತಾಯಿಯನ್ನು ದೂರುವ ಮಾತಲ್ಲ. ಆಕೆ ಕೆಲಸದಲ್ಲಿರುವಾಗ ಮಗುವನ್ನು ನೋಡಿಕೊಳ್ಳುವವರು ಇರಬೇಕೆಂದು ನಾವೆಲ್ಲ ಸೇರಿ ಕೇಳಬೇಕಾದ ಮಾತು.

ಏಟು ಏಟನ್ನು ಹೆರುವುದು ಹೇಗೆ? 1990ರಲ್ಲಿ ಕೆನೆತ್ ಡಾಡ್ಜ್ ಮತ್ತು ಸಂಗಡಿಗರು ಶಾಲೆಗೆ ಸೇರುವ ಪ್ರಾಯದ ಮಕ್ಕಳಲ್ಲಿ ಒಂದು ದಾರಿಯನ್ನು ಕಂಡರು. ಮನೆಯಲ್ಲಿ ಪೆಟ್ಟು ತಿಂದ ಮಗು ಎದುರಿನವರ ಮನಸ್ಸನ್ನು ತಪ್ಪು ತಿಳಿಯುತ್ತದೆ. ನಲ್ಲಿಯ ಹತ್ತಿರ ಯಾರದೋ ಕೊಡ ತಾಗಿದರೂ "ಬೇಕೆಂದೇ ತಾಗಿಸಿದ" ಎಂದುಕೊಂಡು ಕೈ ಎತ್ತುತ್ತದೆ. ಇದು ಮನೆಯಲ್ಲಿ ಕಲಿತ ಪಾಠ. ಬೇರೆ ಪಾಠವನ್ನೂ ಕಲಿಸಬಹುದು.

"ನಾವೂ ಏಟು ತಿಂದೇ ಬುದ್ಧಿ ಕಲಿತೆವು" ಎನ್ನುವವರಿದ್ದಾರೆ. ನಮ್ಮನ್ನು ಉಳಿಸಿದ್ದು ಏಟೋ, ಅತ್ತಾಗ ಹತ್ತಿರ ಕರೆದ ಅಜ್ಜಿಯೋ, ಅಕ್ಕಪಕ್ಕದವರೋ? ಸ್ವಲ್ಪ ಯೋಚಿಸೋಣ.

ಆದುದರಿಂದ, ಪಕ್ಕದ ಮನೆಯಲ್ಲಿ ಮಗುವಿನ ಮೇಲೆ ಕೈ ಮಾಡುವ ಸದ್ದು ಕೇಳಿದರೆ "ಅವರ ಮನೆಯ ವಿಷಯ" ಎಂದು ಬಾಗಿಲು ಹಾಕಿಕೊಳ್ಳದಿರೋಣ. ನಾಲ್ಕು ಜನ ಸೇರಿ ಹೋಗಿ ತಡೆಯೋಣ. 1098ಕ್ಕೆ ಫೋನ್ ಮಾಡಬಹುದು. ಇದು ಹಗಲು ರಾತ್ರಿ ಸಿಗುವ ಮಕ್ಕಳ ಸಹಾಯವಾಣಿ, ಖರ್ಚಿಲ್ಲ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸಿದವರಿಗೆ 2015ರ ಬಾಲನ್ಯಾಯ ಕಾಯಿದೆಯಂತೆ ಮೂರು ವರ್ಷದವರೆಗೆ ಜೈಲು ಆಗಬಹುದು. ಏಟು ತಿಂದ ಮಗು, ತಪ್ಪು ಮಾಡಿದ ಮಗು ಎರಡಕ್ಕೂ ಇದೇ ಒಂದು ಕಾಯಿದೆ ಎಂಬುದನ್ನು ಗಮನಿಸಿರಿ. ಎಷ್ಟೋ ಸಲ ಆ ಇಬ್ಬರೂ ಒಂದೇ ಮಗು.

ತಪ್ಪು ಮಾಡಿದ ಹುಡುಗನನ್ನು ತಿದ್ದಲೇಬೇಕು. ತಿಂದ ಏಟು ಮಾಡಿದ ತಪ್ಪಿಗೆ ನೆಪವಾಗದು. ಆದರೆ ಅವನನ್ನು ದೂರ ಮಾಡಬೇಡಿರಿ. ಏಟು ತಿಂದು ಬೆಳೆದೂ ಮಕ್ಕಳ ಮೇಲೆ ಕೈ ಎತ್ತದ ಎಷ್ಟೋ ತಂದೆತಾಯಿಗಳು ನಮ್ಮ ನಡುವೆಯೇ ಇದ್ದಾರೆ. ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಮಾತಾಡಲು ಅವರಿಗಿಂತ ತಕ್ಕವರು ಬೇರೆ ಯಾರು?