ಕಾರಿನ ಹಿಂಬದಿಯ ಕಣ್ಣು

ಕಾರಿನ ಹಿಂಬದಿಗೆ ತಾಗಿದಂತೆ ಕೂತು ಆಡುವ ಮಗು ಚಾಲಕನಿಗೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಎರಡು ವರ್ಷದ ಕಂದನೊಬ್ಬ ಹೀಗೇ ಹೆತ್ತ ತಂದೆಯ ಗಾಡಿಗೆ ಸಿಕ್ಕಿ ತೀರಿಕೊಂಡ. ಅವನ ಹೆಸರಿನಲ್ಲೇ 2008ರಲ್ಲಿ ಕಾಯ್ದೆ ಬಂತು. 2018ರಿಂದ ಅಲ್ಲಿ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯ. ನಮ್ಮಲ್ಲಿ 2019ರ ಜುಲೈಯಿಂದ ಕಡ್ಡಾಯವಾದದ್ದು ಬೀಪ್ ಎನ್ನುವ ಸೆನ್ಸರ್. ನನ್ನ ಮಟ್ಟಿಗೆ ಸದ್ದು ಸಾಲದು, ಹಿಂದೆ ಏನಿದೆಯೆಂದು ಕಾಣಲೇಬೇಕು.

ಹಳೆಯ ಕಾರಿಗೂ ಹಿಂಬದಿ ಕ್ಯಾಮೆರಾವನ್ನು ನಾವೇ ಕೂರಿಸಬಹುದು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕ್ಯಾಮೆರಾ ನಂಬರ್ ಪ್ಲೇಟಿನ ಮೇಲೆ. ಅದರ ಕೆಂಪು ತಂತಿ ರಿವರ್ಸ್ ಲೈಟಿನ ಪಾಸಿಟಿವ್‌ಗೆ, ಕಪ್ಪು ತಂತಿ ಬಾಡಿಯ ಬರಿ ಲೋಹಕ್ಕೆ. ರಿವರ್ಸ್ ಗೇರ್ ಬಿದ್ದಾಗ ಲೈಟಿನ ಜೊತೆಗೇ ಕ್ಯಾಮೆರಾಕ್ಕೂ ಕರೆಂಟು ಬರುತ್ತದೆ.

ತಾಳ್ಮೆ ಬೇಕಾದದ್ದು ವಿಡಿಯೋ ಕೇಬಲ್ಲಿಗೆ. ಡಿಕ್ಕಿಯ ಮುಚ್ಚಳದಿಂದ ರಬ್ಬರ್ ಕೊಳವೆಯೊಳಗೆ ನುಸುಳಿಸಿ, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯಡಿ ಪರದೆಯಿರುವ ಸ್ಟೀರಿಯೋವರೆಗೆ ತರಬೇಕು. ಅವಸರಕ್ಕೆ ರಬ್ಬರಿನ ಹೊರಗೆ ಎಳೆದರೆ, ಮುಚ್ಚಳ ತೆರೆದು ಮುಚ್ಚಿದಂತೆಲ್ಲ ಕೇಬಲ್ ಸವೆಯುತ್ತದೆ, ಮಳೆನೀರೂ ಒಳಗಿಳಿಯುತ್ತದೆ.

ಪರದೆಯಲ್ಲಿ ದೂರ ತೋರಿಸುವ ಹಸಿರು, ಹಳದಿ, ಕೆಂಪು ಗೆರೆಗಳನ್ನು ಹಾಗೇ ನಂಬಬೇಡಿ. ಕಾರಿನ ಹಿಂದೆ ಒಂದು ಮೀಟರ್ ಅಳೆದು ಇಟ್ಟಿಗೆಯಿಟ್ಟು, ಅದು ಯಾವ ಗೆರೆಗೆ ಬರುತ್ತದೆಂದು ನೋಡಿಕೊಳ್ಳಿ. ಮಳೆಗಾಲದಲ್ಲಿ ಲೆನ್ಸಿನ ಕೆಸರನ್ನು ದಿನವೂ ಒರೆಸಿ.